ಕೋಪದ ಕೆಳಗಿನ ಶೋಕ: ಆಲ್ಡಿಂಗ್ಟನ್ನರ ‘ಡೆತ್ ಆಫ್ ಎ ಹೀರೋ’ ಕುರಿತು ಒಂದು ಟಿಪ್ಪಣಿ

ರಿಚರ್ಡ್ ಆಲ್ಡಿಂಗ್ಟನ್ (1892–1962) ಸಾಹಿತ್ಯಕ್ಕೆ ಬಂದದ್ದು ಕವಿಯಾಗಿ. ಎಜ್ರಾ ಪೌಂಡ್, ಎಚ್. ಡಿ. ಅವರೊಡನೆ ಇಮೇಜಿಸ್ಟ್ ಕಾವ್ಯಕ್ಕೆ ನಾಂದಿ ಹಾಡಿದವರಲ್ಲಿ ಅವರೂ ಒಬ್ಬರು. 1916ರಲ್ಲಿ ಸೈನ್ಯ ಸೇರಿ ಪಶ್ಚಿಮ ರಣರಂಗದ ಕಂದಕಗಳಲ್ಲಿ ಹೋರಾಡಿದರು. 1919ರಲ್ಲಿ ‘ಇಮೇಜಸ್ ಆಫ್ ವಾರ್’ ಕವನ ಸಂಕಲನ ತಂದರು. ಕದನವಿರಾಮವಾದ ಕೂಡಲೇ ಬೆಲ್ಜಿಯಂನ ಬಿಡಾರವೊಂದರಲ್ಲಿ ಕಾದಂಬರಿ ಬರೆಯತೊಡಗಿ ಕೈಬಿಟ್ಟಿದ್ದರು. ಅದೇ ವಸ್ತು ‘ಡೆತ್ ಆಫ್ ಎ ಹೀರೋ’ ಆಗಿ ಅಚ್ಚಾಗಲು 1929 ಬರಬೇಕಾಯಿತು.

ಈ ಕೃತಿಯನ್ನು ವಿಕ್ಟೋರಿಯನ್ ಕುಟುಂಬದ ಮೇಲೂ ಲಂಡನ್ನಿನ ಸಾಹಿತ್ಯ ವಲಯದ ಮೇಲೂ ಹರಿಹಾಯ್ದ ಕಟುವಿಡಂಬನೆಯೆಂದು ಓದುವುದು ರೂಢಿ. ಆ ಓದಿಗೆ ಆಧಾರವಿದೆ, ಆದರೆ ಅದು ಅರ್ಧ ಓದು. ಮೊದಲನ್ನೂ ಕೊನೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೋಪದ ಕೆಳಗೆ ಶೋಕ ಕಾಣುತ್ತದೆ.

ಕಥೆ ತೆರೆಯುವುದೇ ನಾಯಕನ ಸಾವಿನಿಂದ. ಜಾರ್ಜ್ ವಿಂಟರ್‌ಬೋರ್ನ್ ಯುದ್ಧದ ಕೊನೆಯ ದಿನಗಳಲ್ಲಿ ಮೆಷಿನ್ ಗನ್ನಿನ ಗುಂಡಿಗೆ ತಾನಾಗಿಯೇ ಎದ್ದುನಿಂತು ಎದೆಯೊಡ್ಡಿದ್ದಾನೆ. ತಾಯಿಗೆ ತಂತಿ ತಲುಪಿದಾಗ ಪಕ್ಕದಲ್ಲಿ ಆಕೆಯ ಪ್ರಿಯಕರನಿದ್ದಾನೆ. ಸತ್ತವನಿಗಾಗಿ ನಿಜವಾಗಿ ನೊಂದವರು ಬಲು ಕಡಿಮೆ. ಹಾಗಾಗಿಯೇ ಸಹಸೈನಿಕನಾದ ನಿರೂಪಕ ಈ ಕಥೆಯನ್ನು ಪ್ರಾಯಶ್ಚಿತ್ತವೆಂದು ಭಾವಿಸುತ್ತಾನೆ: ಸತ್ತವರ ಋಣ ಬದುಕಿದವರ ಮೇಲಿದೆ.

ಭಾಗಗಳಿಗೆ ಸಂಗೀತದ ಲಯಸೂಚನೆಗಳೇ ಹೆಸರು. ಯುದ್ಧದ ಭಾಗಕ್ಕೆ ವಿಳಂಬಗತಿಯ ‘ಅಡಾಜಿಯೊ’. ಉಪಸಂಹಾರಕ್ಕೆ ಬಂದಾಗ ಗದ್ಯವೇ ನಿಂತು ಕವಿತೆ ಬರುತ್ತದೆ. ಟ್ರಾಯ್ ಪತನವಾಗಿ ವರ್ಷಗಳು ಕಳೆದ ಮೇಲೆ ಹಳೆಯ ಯೋಧರು ಕೂಡಿ ಮಾತಾಡುತ್ತಾರೆ. ಹೊಸ ತಲೆಮಾರಿಗೆ ಆ ಮಾತು ಬೇಕಿಲ್ಲ. 1929ರ ಇಂಗ್ಲೆಂಡಿನ ಮಾತನ್ನು ಕವಿ ಇಲ್ಲಿ ಟ್ರಾಯ್‌ನ ನೆಪದಲ್ಲಿ ಆಡುತ್ತಿದ್ದಾರೆ.

ಅಚ್ಚಾದ ಪುಟವೂ ಸಾಕ್ಷಿ ನುಡಿಯುತ್ತದೆ. ಸೈನಿಕರ ಬೈಗುಳ, ಕಾಮದ ಮಾತುಗಳನ್ನು ಮುದ್ರಿಸಲು ಪ್ರಕಾಶಕರು ಅಂಜಿದಾಗ ಆಲ್ಡಿಂಗ್ಟನ್ ಅಲ್ಲಿ ಸಭ್ಯ ಪದಗಳನ್ನು ತುಂಬಲೊಪ್ಪಲಿಲ್ಲ. ಕತ್ತರಿಸಿದ ಕಡೆಯಲ್ಲೆಲ್ಲ ನಕ್ಷತ್ರ ಚಿಹ್ನೆಗಳನ್ನು ಹಾಕಿಸಿದರು. ಸುಳ್ಳಿನ ತೇಪೆಗಿಂತ ಕಣ್ಣಿಗೆ ಕಾಣುವ ಗಾಯವೇ ಮೇಲೆಂಬ ಆ ನಿಲುವು ಇಡೀ ಕೃತಿಯ ನಿಲುವೂ ಹೌದು.

ಈ ಕಾದಂಬರಿಗೆ ಆಕಾರ ಕೊಟ್ಟವನು ಅವರೊಳಗಿನ ಕವಿಯೇ. ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ 1985ರಲ್ಲಿ ಅನಾವರಣಗೊಂಡ ಶಿಲಾಫಲಕದ ಮೇಲೆ, ಮಹಾಯುದ್ಧದ 16 ಕವಿಗಳ ನಡುವೆ, ಆಲ್ಡಿಂಗ್ಟನ್ ಹೆಸರಿದೆ.