ಪ್ರಿನ್ಸೆಪ್ ಘಾಟ್ ಮತ್ತು ಮಸ್ಕಿಯ ಬಂಡೆ

ನಮ್ಮ ಈ ಊರಿನ ಹೆಸರು 2001ರಲ್ಲಿ ಕೋಲ್ಕತ್ತ ಎಂದಾಯಿತು. ನಮ್ಮ ಬಾಯಲ್ಲಿ ಮಾತ್ರ ಅದಿನ್ನೂ ಕಲಕತ್ತೆಯೇ. ಕಲಕತ್ತೆಗೆ ಬಂದ ಕನ್ನಡ ಸಂಸಾರ ಯಾವುದೇ ಇರಲಿ, ಒಂದು ಭಾನುವಾರ ಸಂಜೆಯಾದರೂ ಹೂಗ್ಲಿ ದಂಡೆಯ ಪ್ರಿನ್ಸೆಪ್ ಘಾಟಿನ ಉದ್ಯಾನದಲ್ಲಿ ಕುಳಿತು ಝಾಲ್‌ಮುಡಿ ತಿನ್ನದೆ ಇರಲಾರದು. (ನಮ್ಮ ಚುರುಮುರಿಗೆ ಸಾಸಿವೆ ಎಣ್ಣೆ ಬೆರೆಸಿದರೆ ಝಾಲ್‌ಮುಡಿ. ಮೊದಲ ವರ್ಷ ಮೂಗು ಮುರಿದವರು ಮೂರನೆಯ ವರ್ಷ ಎಣ್ಣೆಯನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.) ಆದರೆ ಘಾಟಿನ ಹೆಸರು ಯಾರದೆಂದು ವಿಚಾರಿಸುವ ಗೊಡವೆಗೆ ನಾವು ಬಹುಕಾಲ ಹೋಗಿರಲಿಲ್ಲ. ಯಾರೋ ‘ಪ್ರಿನ್ಸ್’ ಇಳಿದ ಸ್ಥಳವಿರಬೇಕೆಂದು ತಿಳಿದಿದ್ದೆವು. ಊಹೆ ಪೂರ್ತಿ ಸುಳ್ಳೂ ಅಲ್ಲ. 1911ರ ಕೊನೆಯಲ್ಲಿ ಐದನೆಯ ಜಾರ್ಜ್ ದೊರೆ ಕಲಕತ್ತೆಯ ನೆಲದ ಮೇಲೆ ಕಾಲಿಟ್ಟದ್ದು ಇಲ್ಲಿಯೇ.

ಹೆಸರು ಮಾತ್ರ ದೊರೆಯದಲ್ಲ, ಟಂಕಸಾಲೆಯ ಒಬ್ಬ ನೌಕರನದು. ಜೇಮ್ಸ್ ಪ್ರಿನ್ಸೆಪ್ 1819ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ನಾಣ್ಯದ ಬೆಳ್ಳಿಬಂಗಾರ ಪರೀಕ್ಷಿಸುವ ಕೆಲಸಕ್ಕೆ ಇಲ್ಲಿಗೆ ಬಂದ. ಕೆಲಕಾಲ ಕಾಶಿಯಲ್ಲಿದ್ದು ಹಿಂತಿರುಗಿ 1832ರಲ್ಲಿ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾದ. ದುಡಿದು ದುಡಿದು ಆರೋಗ್ಯ ಕೆಟ್ಟು 1838ರಲ್ಲಿ ಸ್ವದೇಶಕ್ಕೆ ಹೊರಟವನು 1840ರಲ್ಲಿ ತೀರಿಕೊಂಡ. ಆಗ ವಯಸ್ಸು ನಲವತ್ತು. ಊರಿನವರು ಕೆಲವೇ ವರ್ಷಗಳಲ್ಲಿ ಗ್ರೀಕ್ ಮಾದರಿಯ ಕಂಬಗಳ ಈ ಬಿಳಿಯ ಮಂಟಪವನ್ನು ಅವನ ನೆನಪಿಗೆ ಕಟ್ಟಿಸಿದರು.

ಅಂದು ಮೆಟ್ಟಿಲಿಗೆ ನೀರು ತಾಕುತ್ತಿತ್ತು. ನದಿ ಈಗ ದೂರ ಸರಿದಿದೆ, ನಡುವೆ ಚಕ್ರರೈಲಿನ ಹಳಿ ಹಾದಿದೆ. ಬೆನ್ನಿಗೆ 1992ರಲ್ಲಿ ತೆರೆದ ವಿದ್ಯಾಸಾಗರ ಸೇತುವೆ. ಮಂಟಪದ ಜೀರ್ಣೋದ್ಧಾರವಾದದ್ದು 2001ರಲ್ಲಿ. ಬಾಬುಘಾಟಿನವರೆಗೆ ಸುಮಾರು ಎರಡು ಕಿಲೋಮೀಟರ್ ದಂಡೆಯನ್ನು ರಾಜ್ಯ ಸರ್ಕಾರ ಅಂದಗೊಳಿಸಿದ್ದು 2012ರಲ್ಲಿ. ಹತ್ತಿರದಲ್ಲೇ ಗ್ವಾಲಿಯರ್ ಯುದ್ಧದ ಸ್ಮಾರಕವಿದೆ (1847). ತುಸು ದೂರದಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ 896 ಮಂದಿ ಬಡ ಹಡಗು ಕೂಲಿಗಳ, ಅಂದರೆ ಲಸ್ಕರರ, ಸ್ಮಾರಕ. 1924ರಲ್ಲಿ ತೆರೆದ ಈ ಎರಡನೆಯದನ್ನು ನೋಡಲು ಜನ ಹೋಗುವುದೇ ಕಡಿಮೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವಾದರೂ ಅಲ್ಲಿ ಒಂದು ನಿಮಿಷ ನಿಲ್ಲಬೇಕು.

ಪ್ರಿನ್ಸೆಪ್ ಮಾಡಿದ್ದೇನು? ದೆಹಲಿ, ಅಲಹಾಬಾದುಗಳ ಕಂಬಗಳ ಮೇಲೆ ಯಾರಿಗೂ ಓದಲಾಗದ ಅಕ್ಷರಗಳಿದ್ದವು. 1837ರಲ್ಲಿ ಸಾಂಚಿಯ ಕಟಾಂಜನದ ಮೇಲಿನ ಪುಟ್ಟ ಪುಟ್ಟ ಶಾಸನಗಳ ಪ್ರತಿಗಳು ಅವನ ಕೈಸೇರಿದವು. ಬಹುತೇಕ ಎಲ್ಲವೂ ಅದೇ ಎರಡು ಅಕ್ಷರಗಳಲ್ಲಿ ಮುಗಿಯುತ್ತವೆ! ಭಕ್ತರು ಗುಡಿಗೆ ಕಂಬ, ಕಲ್ಲು ಕೊಟ್ಟು ಹೆಸರು ಕೆತ್ತಿಸುವುದನ್ನು ಅವನು ಕಂಡಿದ್ದ. ಹಾಗಾದರೆ ಇದು ‘ದಾನಂ’ ಇರಬೇಕು. ಅದಕ್ಕೆ ಮುಂಚೆ ಬರುವ ಅಕ್ಷರ ‘ಇಂಥವನ’ ಎನ್ನುವ ‘ಸ’ ಇರಬೇಕು. ಇಷ್ಟು ಎಳೆ ಸಿಕ್ಕಿದ್ದೇ ತಡ, ಉಳಿದ ಅಕ್ಷರಗಳು ಕೆಲವೇ ವಾರಗಳಲ್ಲಿ ಬಿಚ್ಚಿಕೊಂಡವು. ಕಂಬದ ಮೇಲಿನ ದೊರೆಯ ಹೆಸರು ‘ಪಿಯದಸಿ’ ಎಂದು ತಿಳಿಯಿತು. ಅವನು ಅಶೋಕನೇ ಎಂದು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ತೋರಿಸಿಕೊಟ್ಟವನು ಜಾರ್ಜ್ ಟರ್ನರ್.

ಗ್ರಂಥ ಹೇಳಿತು, ಸರಿ, ಕಲ್ಲು ಹೇಳಬೇಡವೆ? ಕಲ್ಲು ಮಾತಾಡಿದ್ದು ನಮ್ಮ ನೆಲದಲ್ಲಿ. 1892ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೌರ್ಯರ ಶಾಸನಗಳನ್ನು ಕಂಡರು, ಅಲ್ಲಿಯೂ ಹೆಸರಿರಲಿಲ್ಲ. 1915ರ ಜನವರಿಯಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಒಂದು ಬಂಡೆ ಕಂಡ. ದೇವಾನಂಪಿಯ ಎಂಬ ಬಿರುದಿನ ಪಕ್ಕದಲ್ಲೇ ‘ಅಸೋಕ’ ಎಂದು ಅದರಲ್ಲಿತ್ತು. ಅದನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಬೆಳ್ಳಿ ಪರೀಕ್ಷಿಸುವವನು ಇಲ್ಲಿ ಎತ್ತಿದ ಪ್ರಶ್ನೆಗೆ ಚಿನ್ನ ಹುಡುಕುವವನಿಂದ ಅಲ್ಲಿ ಉತ್ತರ ಸಿಕ್ಕಲು 78 ವರ್ಷ ಹಿಡಿಯಿತು.

ಕಳೆದ ಚಳಿಗಾಲದಲ್ಲಿ ಈ ಕಥೆಯನ್ನು ಮಂಟಪದ ಮೆಟ್ಟಿಲ ಮೇಲೆ ನಮ್ಮ ಮಕ್ಕಳಿಗೆ ಹೇಳಿದೆವು. ಮನೆಯಲ್ಲಿ ಕನ್ನಡ ಮಾತಾಡುವ, ಶಾಲೆಯಲ್ಲಿ ಬಂಗಾಳಿ, ಹಿಂದಿ, ಇಂಗ್ಲಿಷ್ ಓದುವ ಮಕ್ಕಳು. ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು: “ಮಾಮಾ, ಅಜ್ಜಿ ಬರೆದ ಕಾಗದ ನನಗೆ ಓದಕ್ಕೆ ಬರಲ್ಲ. ಅದೂ ಹಾಗೇ ಆಗತ್ತಾ?” ಅವಳ ತಾಯಿ ಹೊಳೆಯ ಕಡೆ ತಿರುಗಿ ಕುಳಿತರು. ನಮಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಕಡ್ಡಿಯಿಂದ ಮಣ್ಣಿನ ಮೇಲೆ ಒಂದು ಸೊನ್ನೆ ಬರೆದೆವು. ಬ್ರಾಹ್ಮಿಯ ಠಕಾರ ಬರಿಯ ಸೊನ್ನೆ. ಅದರ ಮಗ್ಗುಲಲ್ಲಿ ಕನ್ನಡದ ಠ ಬರೆದೆವು. ಇನ್ನೂ ದುಂಡಗೇ ಇದೆ. ಸೊನ್ನೆಯೊಳಗೆ ಚುಕ್ಕೆಯಿಟ್ಟರೆ ಬ್ರಾಹ್ಮಿಯ ಥ. ನಮ್ಮ ಥಕಾರದ ಹೊಟ್ಟೆಯಲ್ಲಿ ಆ ಚುಕ್ಕೆ ಹಾಗೆಯೇ ಕುಳಿತಿದೆ. ಹುಡುಗಿ ಕಡ್ಡಿ ಕಸಿದುಕೊಂಡು ಎರಡನ್ನೂ ಬರೆದಳು, ಆಮೇಲೆ ತನ್ನ ಹೆಸರು ಹೇಗೆ ಎಂದು ಕೇಳಿದಳು.

ಮರುವಾರ ಚೌರಂಗಿಯ ವಸ್ತುಸಂಗ್ರಹಾಲಯಕ್ಕೆ ಎಲ್ಲರನ್ನೂ ಕರೆದೊಯ್ದೆವು. ಭಾರ್ಹುತ್ ಸ್ತೂಪದ ಕಟಾಂಜನ ಅಲ್ಲಿದೆ, ಅದರ ಮೇಲೂ ದಾನಿಗಳ ಹೆಸರುಗಳಿವೆ. ತಲೆಕೆಳಗಾದ ಇಂಗ್ಲಿಷ್ ‘ಟೀ’ಯಂಥ ನಕಾರ, ಪಕ್ಕದಲ್ಲಿ ಒಂದು ಚುಕ್ಕೆ ಕಂಡರೆ ಅದೇ ‘ನಂ’. ಮಕ್ಕಳು ಒಂದೊಂದೇ ಕಂಬಕ್ಕೆ ಓಡಿ “ದಾನಂ, ದಾನಂ” ಎಂದು ಕೂಗತೊಡಗಿದಾಗ ಕಾವಲಿನವನು ಬಂದು ಗದರಿದ. ಹೋಗಬೇಕೆನ್ನುವವರು ಸೋಮವಾರ ಬಿಟ್ಟು ಹೋಗಿ. ಅಂದು ಬಾಗಿಲು ಹಾಕಿರುತ್ತದೆ.