ನಾಡಿನ ಹೆಸರು ಹೊತ್ತ ಹನ್ನೊಂದು ಮಂದಿ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಅರಸರ, ಕವಿಗಳ, ಏಕೀಕರಣಕ್ಕೆ ದುಡಿದ ಹಿರಿಯರ ಕಥೆಗಳನ್ನು ಓದುವುದು ನಮಗೆಲ್ಲ ರೂಢಿ. ಈ ಸಲ ನಾವು ಕಾಲ್ಚೆಂಡಾಟದ ಕಥೆ ಹೇಳಹೊರಟಿದ್ದೇವೆ. ವಾಚಕ ಬಂಧುಗಳು ಮನ್ನಿಸಬೇಕು. ದಿನವೆಲ್ಲ ಬ್ಯಾಂಕಿನಲ್ಲಿ ಕುಳಿತು ಪರರ ಲೆಕ್ಕ ಬರೆಯುವ ನಮಗೆ, ನಮ್ಮ ನಾಡಿನದೇ ಒಂದು ಹಳೆಯ ಲೆಕ್ಕವನ್ನು ತೆಗೆದು ನೋಡುವ ಮನಸ್ಸಾಯಿತು.

2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಪ್ರಾಂತ ಪ್ರಾಂತಗಳ ನಡುವಣ ಈ ಪಂದ್ಯಾವಳಿ ಆರಂಭವಾದದ್ದು 1941ರಲ್ಲಿ. ಮರುದಿನ ಭಾನುವಾರ, ಸಂಘದಲ್ಲಿ ಪೇಢೆ ಹಂಚಿದೆವು. ಹಿರಿಯರೊಬ್ಬರು ಪೇಢೆಯನ್ನು ಕೈಯಲ್ಲೇ ಹಿಡಿದು ಕೇಳಿದರು: "ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್ ಅಂತೀರಿ. ಇವರಲ್ಲಿ ನಮ್ಮವರು ಎಷ್ಟು ಜನ ಸ್ವಾಮಿ?"

ಆಗ ನಮಗೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಹಿಂದಿನ ಪುಟಗಳನ್ನು ತಿರುವಿದೆವು.

ಬೆಂಗಳೂರಿಗೆ ಈ ಆಟ ಬಂದದ್ದು ದಂಡಿನ ಬಿಳಿಯ ಸಿಪಾಯಿಗಳೊಡನೆ. ಅವರ ಆಟವನ್ನು ನೋಡಿ ದಂಡಿನ ಸುತ್ತಣ ಕೇರಿಗಳ ಹುಡುಗರು ಬರಿಗಾಲಿನಲ್ಲಿಯೇ ಕಲಿತರು. ಒಬ್ಬನ ಮನೆಮಾತು ತಮಿಳು, ಇನ್ನೊಬ್ಬನದು ಉರ್ದು, ಮತ್ತೊಬ್ಬನದು ತೆಲುಗು ಅಥವಾ ಕನ್ನಡ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ನಾವು ಇಂದು ಬಾಳುತ್ತಿರುವ ಈ ಮುಂಬಯಿಗೇ ಬಂದು ರೋವರ್ಸ್ ಕಪ್ ಗೆದ್ದಿತು. 1891ರಲ್ಲಿ ಶುರುವಾದ ಆ ಪಂದ್ಯಾವಳಿಯನ್ನು ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಅಂತಿಮ ಪಂದ್ಯದಲ್ಲಿ ಅವರು 1-0ರಿಂದ ಸೋಲಿಸಿದ್ದು ಸಾಮಾನ್ಯರನ್ನಲ್ಲ; 1934ರಿಂದ ಸಾಲಾಗಿ ಕಲ್ಕತ್ತದ ಲೀಗನ್ನು ಗೆದ್ದುಕೊಂಡು ಬಂದಿದ್ದ ಮಹಮ್ಮದನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಪಲ್ಟನ್ನನ್ನು 3-2ರಿಂದ ಸೋಲಿಸಿ ಕಪ್ಪನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ಆಟ ಕಲಿಸಿದ ಗುರುವಿಗೇ ತಿರುಮಂತ್ರ!

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತವು ಫ್ರಾನ್ಸಿಗೆ 2-1ರಿಂದ ಸೋತಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲ್ಕತ್ತ ಸೇರಿ, ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಹೆಸರಾದರು.

ಇನ್ನು ಸಂತೋಷ್ ಟ್ರೋಫಿಯ ಖಾತೆ. ಮೈಸೂರು ತಂಡ ಅದನ್ನು ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ನಾಲ್ಕರಲ್ಲಿ ಮೂರು ಸಲ ಅಂತಿಮ ಪಂದ್ಯದಲ್ಲಿ ಸೋತದ್ದು ಕಾಲ್ಚೆಂಡಿನ ತವರೆನಿಸಿದ ಬಂಗಾಲ! ಮೊದಲೆರಡು ಗೆಲುವುಗಳು ಹಳೆಯ ಮೈಸೂರಿನವು. ಆಗ ಧಾರವಾಡ ಮುಂಬಯಿ ಆಡಳಿತದಲ್ಲಿತ್ತು, ಮಂಗಳೂರು ಮದ್ರಾಸಿನ ಆಡಳಿತದಲ್ಲಿತ್ತು. ಕೊನೆಯೆರಡು 1956ರ ನವೆಂಬರ್ 1ರಂದು ಒಂದಾದ ವಿಶಾಲ ಮೈಸೂರಿನವು. 1973ರ ನವೆಂಬರ್ 1ರಂದು ನಾಡು ಕರ್ನಾಟಕವಾಯಿತು. ಆ ಹೊಸ ಹೆಸರಿನಲ್ಲಿ ಮಾತ್ರ ಕಪ್ಪು ಕೈಗೆ ಬರಲೊಲ್ಲದು. 1975-76ರಲ್ಲಿ ಅಂತಿಮ ಪಂದ್ಯಕ್ಕೆ ಹೋಗಿ ಬಂಗಾಲಕ್ಕೆ ಸೋತದ್ದಾಯಿತು. ಆಮೇಲೆ 47 ವರ್ಷ ಅಂತಿಮ ಪಂದ್ಯದ ಮುಖವನ್ನೇ ಕಾಣಲಿಲ್ಲ. 2022ರ ಸೆಮಿಫೈನಲ್‌ನಲ್ಲಿ ಕೇರಳದ ಕೈಯಲ್ಲಿ 7-3ರ ಪೆಟ್ಟು ಬೇರೆ.

ಆದರೆ ಮರುಋತುವಿನಲ್ಲಿ ದೆಸೆ ತಿರುಗಿತು. ಭುವನೇಶ್ವರದಲ್ಲಿ ಅದೇ ಕೇರಳವನ್ನು 1-0ರಿಂದ ಮಣಿಸಿದರು. ರಿಯಾದಿನ ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ದಾಟಿದರು. ಅಂತಿಮ ಪಂದ್ಯದ ಮೂರು ಗೋಲುಗಳನ್ನೂ ಮೊದಲರ್ಧದಲ್ಲೇ ಹೊಡೆದು, ಮೇಘಾಲಯ ಒಂದು ಗೋಲಿನಷ್ಟು ಸಮೀಪಕ್ಕೆ ಬಂದಾಗಲೂ ಎದೆಗುಂದದೆ ಕಾದುಕೊಂಡರು. 54 ವರ್ಷಗಳ ಮೇಲೆ ಗೆಲುವು ಬಂದಿತು. 'ಕರ್ನಾಟಕ'ವೆಂಬ ಹೆಸರಿನಲ್ಲಿ ಅದೇ ಪ್ರಥಮ.

ಬ್ಯಾಂಕಿನಲ್ಲಿ ಒಂದು ನಿಯಮವುಂಟು. ಖಾತೆಯ ಹೆಸರು ಬದಲಾದರೂ ಹಳೆಯ ಶಿಲ್ಕು ಹೋಗುವುದಿಲ್ಲ, ಹೊಸ ಪುಟಕ್ಕೆ ಬರುತ್ತದೆ. ಮೈಸೂರಿನ ನಾಲ್ಕು, ಕರ್ನಾಟಕದ ಒಂದು, ಒಟ್ಟು ಐದು. ಈ ಜಮೆಯನ್ನು ನಾಡಿಗೆ ಕಟ್ಟಿದವರು ಯಾರು? ರಾಮನ್, ಅಹಮದ್ ಖಾನರಂಥವರು ಆಡಿ ಬೆಳೆದ ಮೈದಾನಗಳ ಮಕ್ಕಳು. ಅವರ ಮನೆಮಾತು ಯಾವುದಾದರೂ ಇರಲಿ, ಬೆವರು ಬಿದ್ದದ್ದು ನಮ್ಮ ನಾಡಿನ ಹೆಸರಿಗೆ.

ನಮ್ಮ ತಂದೆಯವರು ಈ ಮುಂಬಯಿಗೆ ಬಂದು ಬದುಕು ಕಟ್ಟಿದರು. ನಮ್ಮ ಮಕ್ಕಳು ಇಲ್ಲಿನ ಶಾಲೆಯ ಅಂಗಿ ತೊಟ್ಟು ಮೈದಾನಕ್ಕಿಳಿಯುತ್ತಾರೆ. "ನೀನು ನಮ್ಮವನೇ?" ಎಂದು ಅವರನ್ನು ಯಾರಾದರೂ ಕೇಳಿದರೆ ನಮ್ಮ ಕರುಳು ನೋಯದೆ? ಇಲ್ಲಿ ನಮಗಾಗಿ ಬೇಡುವ ನ್ಯಾಯವನ್ನು ಅಲ್ಲಿ ಇತರರಿಗೆ ಕೊಡದಿದ್ದರೆ ಜಮಾಖರ್ಚು ತಾಳೆಯಾಗದು.

ಮುಂದಿನ ವಾರ ಹಿರಿಯರಿಗೆ ಇದನ್ನೇ ಅರಿಕೆ ಮಾಡಿಕೊಂಡೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಪ್ಪ, ಹನ್ನೊಂದೂ ಜನ ನಮ್ಮವರೇ" ಎಂದರು. ಕನ್ನಡ ಕಲಿತವರೂ, ಇನ್ನು ಕಲಿಯಬೇಕಾದವರೂ ಆ ಲೆಕ್ಕದಲ್ಲಿ ಸೇರಲಿ. ಇದೇ ಈ ರಾಜ್ಯೋತ್ಸವದ ದಿನ ನಮ್ಮ ಹಾರೈಕೆ.