ಬಾಳೆದಿಂಡಿನ ರಸ ಕುಡಿದ ಮೇಲೆ ಕಿಡ್ನಿ ನೋವು ನಿಂತಿತೇ? ಕಲ್ಲು ಹೋಗಿದೆ ಎಂದು ಅರ್ಥವಲ್ಲ

"ಬೆಳಗ್ಗೆ ಖಾಲಿ ಹೊಟ್ಟೆಗೆ ಏಳು ದಿನ ಬಾಳೆದಿಂಡಿನ ರಸ ಕುಡಿಯಿರಿ, ಕಿಡ್ನಿ ಸ್ಟೋನ್ ಕರಗಿ ನೀರಾಗುತ್ತದೆ, ಆಪರೇಷನ್ ಬೇಡವೇ ಬೇಡ." ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಕೆಲವೊಮ್ಮೆ ಬಾಳೆದಿಂಡಿನ ಜಾಗದಲ್ಲಿ ಹುರುಳಿ ಕಷಾಯ, ಕೆಲವೊಮ್ಮೆ ಬಾರ್ಲಿ ನೀರು, ಇನ್ನು ಕೆಲವೊಮ್ಮೆ ಬಿಯರ್. ಅದರ ಕೆಳಗೆ ಯಾರಾದರೊಬ್ಬರು "ಹೌದು, ನಮ್ಮ ಭಾವನಿಗೆ ಮೂರೇ ದಿನಕ್ಕೆ ಹೋಯ್ತು" ಎಂದು ಬರೆದೂ ಇರುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲ. ನೋವು ನಿಜಕ್ಕೂ ನಿಂತಿರುತ್ತದೆ. ಆದರೆ ನಿಂತದ್ದು ರಸದಿಂದಲೇ ಎಂದು ತಿಳಿಯಬೇಕಾದರೆ ನೋವು ಹುಟ್ಟುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ನೋವು ಎಲ್ಲಿಂದ ಬರುತ್ತದೆ?

ಕಿಡ್ನಿಗಳು ಇರುವುದು ನಾವು ಅಂದುಕೊಳ್ಳುವಂತೆ ಸೊಂಟದಲ್ಲಲ್ಲ. ಅದಕ್ಕಿಂತ ಮೇಲೆ, ಬೆನ್ನುಮೂಳೆಯ ಎರಡೂ ಬದಿಗೆ, ಕೊನೆಯ ಪಕ್ಕೆಲುಬುಗಳ ಹತ್ತಿರ. ಕಿಡ್ನಿಯ ಒಳಭಾಗಕ್ಕೆ ನೋವು ಗೊತ್ತಾಗುವುದೇ ಕಡಿಮೆ. ನೋಯುವುದು ಅದರ ಮೇಲಿನ ಹೊದಿಕೆ ಹಿಗ್ಗಿದಾಗ, ಇಲ್ಲವೇ ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಮೂತ್ರನಾಳದಲ್ಲಿ ಏನಾದರೂ ಸಿಕ್ಕಿಕೊಂಡಾಗ. ಈ ನಾಳದ ಒಳಗಿನ ಅಗಲ ಕೆಲವೇ ಮಿಲಿಮೀಟರ್. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಹಿಂದೆ ಮೂತ್ರ ಕಟ್ಟಿಕೊಂಡು ಒತ್ತಡ ಏರುತ್ತದೆ. ಕಲ್ಲನ್ನು ಕೆಳಗೆ ತಳ್ಳಲು ನಾಳ ಹಿಂಡಿಕೊಳ್ಳುತ್ತದೆ. ಹಾಗಾಗಿಯೇ ಈ ನೋವು ಅಲೆ ಅಲೆಯಾಗಿ ಬರುತ್ತದೆ: ಜೀವ ಹಿಂಡಿದಂತೆ ಏರಿ, ಇಳಿದು, ಮತ್ತೆ ಏರುತ್ತದೆ. ಪಕ್ಕೆಯಲ್ಲಿ ಶುರುವಾಗಿ ತೊಡೆಸಂದಿನವರೆಗೂ ಇಳಿಯಬಹುದು. ಜೊತೆಗೆ ವಾಂತಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳಬಹುದು.

ಸ್ನಾಯು ಹಿಡಿದುಕೊಂಡ ನೋವಾದರೆ ಬಗ್ಗಿದಾಗ, ಭಾರ ಎತ್ತಿದಾಗ ಜಾಸ್ತಿಯಾಗುತ್ತದೆ, ಸುಮ್ಮನೆ ಮಲಗಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಕಲ್ಲಿನ ನೋವಿನಲ್ಲಿ ಕೂತರೂ ಇಲ್ಲ, ಮಲಗಿದರೂ ಇಲ್ಲ. ರೋಗಿ ಹೊರಳಾಡುತ್ತಲೇ ಇರುತ್ತಾರೆ.

ಇಲ್ಲೊಂದು ಮಾತು ಸೇರಿಸಲೇಬೇಕು. ಸಕ್ಕರೆ ಕಾಯಿಲೆ, ಬಿಪಿಯಿಂದ ಕಿಡ್ನಿ ನಿಧಾನವಾಗಿ ಹಾಳಾಗುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಬೆನ್ನು ನೋವು ಬಂದವರೆಲ್ಲ "ಕಿಡ್ನಿ ಹೋಯಿತೇನೋ" ಎಂದು ಹೆದರುತ್ತಾರೆ. ನಿಜವಾಗಿ ಹೋಗುತ್ತಿರುವವರಿಗೆ ಗೊತ್ತೇ ಆಗಿರುವುದಿಲ್ಲ. ಅದು ತಿಳಿಯುವುದು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆಯಿಂದ.

ಹಾಗಾದರೆ ಭಾವನ ಕಲ್ಲು ಹೋದದ್ದು ಹೇಗೆ?

ಮೂತ್ರನಾಳಕ್ಕೆ ಇಳಿದ 5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳಲ್ಲಿ ಸುಮಾರು ಮೂರನೇ ಎರಡರಷ್ಟು ತಾವಾಗಿಯೇ ಹೊರಬೀಳುತ್ತವೆ. 5ರಿಂದ 10 ಮಿಲಿಮೀಟರ್ ಇರುವವುಗಳಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹೋಗುತ್ತವೆ. ಇದಕ್ಕೆ ಕೆಲವು ದಿನಗಳಿಂದ ಕೆಲವು ವಾರ ಬೇಕಾಗಬಹುದು. ಆ ಅವಧಿಯಲ್ಲಿ ನೀವು ಏನು ಕುಡಿದಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. ಬಾಳೆದಿಂಡು ಕುಡಿದವರು ಬಾಳೆದಿಂಡು ಎನ್ನುತ್ತಾರೆ, ಬಿಯರ್ ಕುಡಿದವರು ಬಿಯರ್ ಎನ್ನುತ್ತಾರೆ. ಕಲ್ಲು ಹೋಗದೆ ಆಪರೇಷನ್ ಆದವರು ಗ್ರೂಪಿನಲ್ಲಿ ಏನನ್ನೂ ಬರೆಯುವುದಿಲ್ಲ.

ಕರಗುವ ವಿಷಯ ಬೇರೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಇದನ್ನು ಕರಗಿಸುವ ಮಾತ್ರೆ ಆಸ್ಪತ್ರೆಯಲ್ಲೂ ಇಲ್ಲ. ಯೂರಿಕ್ ಆಸಿಡ್ ಕಲ್ಲುಗಳನ್ನು ಮಾತ್ರ ಮೂತ್ರದ ಆಮ್ಲತೆ ತಗ್ಗಿಸುವ ಔಷಧದಿಂದ ಕರಗಿಸಬಹುದು, ಅದೂ ವೈದ್ಯರ ನಿಗಾದಲ್ಲಿ.

ಈಗ ಮುಖ್ಯ ಅಪಾಯಕ್ಕೆ ಬರೋಣ. ಕಲ್ಲು ಅಲ್ಲೇ ಇದ್ದರೂ ನೋವು ನಿಲ್ಲಬಹುದು. ನಾಳ ಕಟ್ಟಿಕೊಂಡೇ ಇದ್ದರೆ ಕಿಡ್ನಿ ಕ್ರಮೇಣ ಕೆಲಸ ಕಡಿಮೆ ಮಾಡುತ್ತದೆ, ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ರೋಗಿ "ಗುಣವಾಯಿತು" ಎಂದುಕೊಳ್ಳುತ್ತಾರೆ. ಹೀಗೆ ವಾರಗಟ್ಟಲೆ ಬಿಟ್ಟರೆ ಆ ಬದಿಯ ಕಿಡ್ನಿಗೆ ಸರಿಪಡಿಸಲಾಗದ ಹಾನಿ ಆಗಬಹುದು. ಆದ್ದರಿಂದ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿದ್ದರೆ, ನೋವು ನಿಂತ ಮೇಲೂ ಒಮ್ಮೆ ಸ್ಕ್ಯಾನ್ ಮಾಡಿಸಿ ಅದು ಹೋಗಿದೆಯೇ ಎಂದು ನೋಡಬೇಕು.

ಮನೆಯಲ್ಲಿ ಏನು ಮಾಡಬಹುದು?

ನೋವು ಇರುವಾಗ ಪಕ್ಕೆಗೆ ಬಿಸಿನೀರಿನ ಚೀಲದ ಶಾಖ ಕೊಡಿ. ಇದರಿಂದ ಕಲ್ಲಿನ ನೋವು ಸ್ವಲ್ಪ ತಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾಗಿರುವವರು ಚರ್ಮ ಸುಟ್ಟುಕೊಳ್ಳದಂತೆ ನೋಡಿಕೊಳ್ಳಬೇಕು. ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯಿರಿ. ಕಲ್ಲು ತಳ್ಳಿಕೊಂಡು ಹೋಗಲಿ ಎಂದು ನೋವಿನ ನಡುವೆ ಒಂದೇ ಸಲ ಎರಡು ಮೂರು ಲೀಟರ್ ಕುಡಿಯುವುದರಿಂದ ಪ್ರಯೋಜನವಿಲ್ಲ, ವಾಂತಿ ಹೆಚ್ಚಾದೀತು. ಬಿಯರ್ ಮೂತ್ರ ಹೆಚ್ಚಿಸುತ್ತದೆ, ಆದರೆ ಯೂರಿಕ್ ಆಸಿಡ್ ಅನ್ನೂ ಹೆಚ್ಚಿಸುತ್ತದೆ.

ನೀರಿನ ನಿಜವಾದ ಗುಣ ಗೊತ್ತಾಗುವುದು ಕಲ್ಲು ಮತ್ತೆ ಬಾರದಂತೆ ತಡೆಯುವುದರಲ್ಲಿ. 1996ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಮೊದಲ ಸಲ ಕಲ್ಲಾದ 199 ಜನರನ್ನು ಐದು ವರ್ಷ ಗಮನಿಸಲಾಯಿತು. ದಿನಕ್ಕೆ 2 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿದವರಲ್ಲಿ ಶೇ. 12ರಷ್ಟು ಜನರಿಗೆ, ಉಳಿದವರಲ್ಲಿ ಶೇ. 27ರಷ್ಟು ಜನರಿಗೆ ಕಲ್ಲು ಮರುಕಳಿಸಿತು. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಹೊಲದಲ್ಲೋ ಕಟ್ಟಡದ ಮೇಲೋ ದುಡಿಯುವವರು ಇಷ್ಟು ಮೂತ್ರಕ್ಕಾಗಿ 2 ಲೀಟರ್‌ಗಿಂತ ಎಷ್ಟೋ ಹೆಚ್ಚು ನೀರು ಕುಡಿಯಬೇಕಾಗುತ್ತದೆ, ಏಕೆಂದರೆ ಬಹುಪಾಲು ಬೆವರಾಗಿ ಹೋಗುತ್ತದೆ. ಲೋಟ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ, ತಿಳಿಹಳದಿ ಇದ್ದರೆ ಸಾಕು. ನೀರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದೇ, ಅದರ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಉಪ್ಪು ಮಾತ್ರ ಹಾಕಬೇಡಿ.

"ಹಾಲು, ಮೊಸರು, ರಾಗಿ ಬಿಡಿ, ಕ್ಯಾಲ್ಸಿಯಂ ಕಲ್ಲಾಗುತ್ತದೆ" ಎಂಬ ಸಲಹೆಯೂ ತಲೆಕೆಳಗು. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದ ಜೊತೆ ಹೋಗುತ್ತದೆ. ಅದೇ ಇಟಲಿಯ ತಂಡ 2002ರಲ್ಲಿ 120 ಗಂಡಸರ ಮೇಲೆ ನಡೆಸಿದ ಐದು ವರ್ಷಗಳ ಪ್ರಯೋಗ ಪ್ರಕಟಿಸಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಕಲ್ಲು ಮರುಕಳಿಸಿತು. ಕ್ಯಾಲ್ಸಿಯಂ ಮಾಮೂಲಿನಷ್ಟೇ ಇಟ್ಟು ಉಪ್ಪು, ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ. ಅಂದರೆ ಪಾಲಕ್ ಪಲ್ಯದ ಊಟಕ್ಕೆ ಮೊಸರು ಹಾಕಿಕೊಳ್ಳಿ, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ.

ಬಾಳೆದಿಂಡಿನ ಪಲ್ಯ, ಹುರುಳಿ ಸಾರು ಒಳ್ಳೆಯ ಊಟವೇ, ಆರೋಗ್ಯವಂತರು ಧಾರಾಳವಾಗಿ ತಿನ್ನಲಿ. ಆದರೆ ಕಿಡ್ನಿ ಈಗಾಗಲೇ ದುರ್ಬಲವಾಗಿದ್ದರೆ ಬಾಳೆದಿಂಡಿನ ರಸ, ಎಳನೀರು ಎರಡೂ ಅಪಾಯ. ಅವುಗಳ ಪೊಟ್ಯಾಸಿಯಂ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಇನ್ನು ಕರಾವಳಿಯ ಮನೆಗಳ ಹಿತ್ತಲಲ್ಲಿ ಬೆಳೆಯುವ ಬಿಂಬುಳಿ. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸ ಕುಡಿದು ಕಿಡ್ನಿಗೆ ದಿಢೀರ್ ಹಾನಿಯಾದ ಹತ್ತು ಜನರ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದರು. ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಕಾರಣ ಆ ಹುಳಿಯಲ್ಲಿರುವ ವಿಪರೀತ ಆಕ್ಸಲೇಟ್. ಸಾರಿಗೆ ಒಂದೆರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಹಿಂಡಿ ಕುಡಿಯುವುದು ಬೇರೆ.

ಮೆಡಿಕಲ್ ಶಾಪ್‌ನ ಮಾತ್ರೆ

ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಕಲ್ಲಿನ ನೋವಿಗೆ ವೈದ್ಯರೇ ಕೊಡುತ್ತಾರೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ವಯಸ್ಸಾದವರು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ಬಿಪಿ ಮಾತ್ರೆ ನುಂಗುವವರು ಚೀಟಿ ಇಲ್ಲದೆ ತಂದು ನುಂಗಿದರೆ ಕಿಡ್ನಿಗೇ ಪೆಟ್ಟು.

ಯಾವಾಗ ಕಾಯಬಾರದು?

ನೋವಿನ ಜೊತೆ ಚಳಿಜ್ವರ ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಎನ್ನಬೇಡಿ. ಕಟ್ಟಿಕೊಂಡ ಮೂತ್ರಕ್ಕೆ ಸೋಂಕು ತಗುಲಿದರೆ ಕೆಲವೇ ಗಂಟೆಗಳಲ್ಲಿ ಅದು ರಕ್ತಕ್ಕೆ ಹರಡಿ ಪ್ರಾಣಕ್ಕೆ ಕುತ್ತು ತರಬಹುದು. ಮೂತ್ರ ಪೂರ್ತಿ ನಿಂತರೆ, ನೀರೂ ನಿಲ್ಲದಷ್ಟು ವಾಂತಿಯಾದರೆ, ಗರ್ಭಿಣಿಯಾಗಿದ್ದರೆ, ಇರುವುದೇ ಒಂದು ಕಿಡ್ನಿಯಾದರೆ ಆಗಲೂ ತಡಮಾಡುವಂತಿಲ್ಲ. ಅರವತ್ತು ದಾಟಿದವರಿಗೆ ಮೊದಲ ಬಾರಿಗೆ ಇಂಥ ನೋವು ಬಂದರೆ ಕಲ್ಲೇ ಎಂದು ತೀರ್ಮಾನಿಸಬೇಡಿ. ಹೊಟ್ಟೆಯ ಮುಖ್ಯ ರಕ್ತನಾಳ ಉಬ್ಬಿ ಒಡೆದರೂ ನೋವು ಹೀಗೇ ಇರುತ್ತದೆ.

ವೈದ್ಯರು ನೋಡಿ, ಕಲ್ಲು ಚಿಕ್ಕದು, ಕಾಯೋಣ ಎಂದರೆ ಹಳೆಯ ಟೀ ಸೋಸುವ ಜಾಲರಿ ಅಥವಾ ತೆಳು ಬಟ್ಟೆಯಲ್ಲಿ ಮೂತ್ರ ಸೋಸಿ. ಕಲ್ಲು ಸಿಕ್ಕರೆ ಎಸೆಯದೆ ಒಣ ಡಬ್ಬಿಯಲ್ಲಿಟ್ಟು ಕೊಂಡೊಯ್ಯಿರಿ. ಅದು ಯಾವ ಜಾತಿಯ ಕಲ್ಲು ಎಂದು ಲ್ಯಾಬ್‌ನಲ್ಲಿ ಗೊತ್ತಾದರೆ, ಮುಂದೆ ಏನು ತಿನ್ನಬೇಕು ಏನು ಬಿಡಬೇಕು ಎಂಬುದನ್ನು ನಿಮಗೆಂದೇ ಹೇಳಬಹುದು.